ಗೃಹಸ್ಥರ ಪುಟ: ಮಕ್ಕಳಿಗೆ ಪೌರನೀತಿಯ ಪಾಠ

ಮಕ್ಕಳ ವಿದ್ಯಾಭ್ಯಾಸದ ವಿಷಯವಾಗಿ ನಾಲ್ಕು ಮಂದಿ ಗೃಹಸ್ಥರು ಕುಳಿತು ಮಾತನಾಡತೊಡಗಿದರೆ, ಆ ಮಾತು ಸಾಮಾನ್ಯವಾಗಿ ಗಣಿತದಿಂದ ಪ್ರಾರಂಭವಾಗಿ ಇಂಗ್ಲಿಷಿನಲ್ಲಿ ಮುಗಿಯುವುದು. ನಡುವೆ ವಿಜ್ಞಾನಕ್ಕೂ ಒಂದಿಷ್ಟು ಮರ್ಯಾದೆ ಸಲ್ಲುವುದುಂಟು. ಆದರೆ ಪೌರನೀತಿಯ ಹೆಸರನ್ನು ತಾವಾಗಿಯೇ ಎತ್ತಿದ ತಂದೆತಾಯಿಗಳನ್ನು ನಾವು ಕಂಡದ್ದು ಬಹು ವಿರಳ. ಚಿಕ್ಕಮಗಳೂರಿನಲ್ಲಿಯೂ ಇದೇ ರೀತಿ, ಮೂಡಿಗೆರೆಯಲ್ಲಿಯೂ ಇದೇ ರೀತಿ. ಹುಡುಗನಿಗೆ ಲೆಕ್ಕದಲ್ಲಿ ಅಂಕ ಕಡಿಮೆಯಾದರೆ ಮನೆಪಾಠಕ್ಕೆ ಕಳುಹಿಸುತ್ತೇವೆ. ಪೌರನೀತಿಯಲ್ಲಿ ಕಡಿಮೆಯಾದರೆ "ಅದು ಬಾಯಿಪಾಠ ಮಾಡುವಂಥದ್ದಷ್ಟೆ, ಪರೀಕ್ಷೆಯ ಹಿಂದಿನ ದಿನ ನೋಡಿಕೊಂಡರಾಯಿತು" ಎಂದು ಸಮಾಧಾನಪಟ್ಟುಕೊಳ್ಳುತ್ತೇವೆ.

ಪೌರನೀತಿಯನ್ನು ಪಾಠಶಾಲೆಗಳಲ್ಲಿ ಕಡ್ಡಾಯ ಮಾಡಬೇಕೆಂಬ ಕೂಗು ಆಗಾಗ್ಗೆ ಕೇಳಿಬರುತ್ತಿದೆ. ಕೇಳುವವರಿಗೆ ಇದು ಹೊಸ ಬೇಡಿಕೆಯೆಂದು ತೋರಬಹುದು. ವಾಸ್ತವವಾಗಿ ನಮ್ಮ ನಾಡಿನ ಪಾಠಶಾಲೆಗಳಲ್ಲಿ ಈ ವಿಷಯ ಬಹುಕಾಲದಿಂದ ಕಡ್ಡಾಯವಾಗಿಯೇ ಇದೆ. ಕೆಳಗಿನ ತರಗತಿಗಳಲ್ಲಿ ಪೌರನೀತಿಯೆಂಬ ಹೆಸರಿನಿಂದಲೂ, ಪ್ರೌಢಶಾಲೆಯಲ್ಲಿ ರಾಜ್ಯಶಾಸ್ತ್ರವೆಂಬ ಹೆಸರಿನಿಂದಲೂ ಸಮಾಜ ವಿಜ್ಞಾನದ ಪುಸ್ತಕದೊಳಗೆ ಅದು ಸೇರಿಕೊಂಡಿದೆ. ಪ್ರೌಢಶಾಲೆಯ ಆ ಒಂದೇ ಪುಸ್ತಕದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂದು ಆರು ವಿಷಯಗಳು ಒಂದೇ ಸೂರಿನ ಕೆಳಗಿನ ಅಣ್ಣತಮ್ಮಂದಿರಂತೆ ಬಾಳುತ್ತಿವೆ. ಒಟ್ಟು ಕುಟುಂಬದಲ್ಲಿ ಬಾಯಿಯಿಲ್ಲದವನಿಗೆ ಯಾವ ಪಾಲು ಸಿಕ್ಕುವುದೋ ರಾಜ್ಯಶಾಸ್ತ್ರಕ್ಕೂ ಅದೇ ಸಿಕ್ಕಿದೆ. ಆದಕಾರಣ ಕಡ್ಡಾಯವಾಗಬೇಕೆ ಬೇಡವೆ ಎಂಬುದು ಈಗಿನ ಪ್ರಶ್ನೆಯಲ್ಲ. ಕಡ್ಡಾಯವಾಗಿರುವ ಪಾಠ ಮಗುವಿನ ಮನೆಬಾಗಿಲವರೆಗೆ ಏಕೆ ಬರಲಿಲ್ಲ ಎಂಬುದನ್ನೇ ನಾವು ಕೇಳಬೇಕಾಗಿದೆ.

ವಾಚಕರು ಈ ರಾತ್ರಿ ಊಟವಾದ ಮೇಲೆ ತಮ್ಮ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಒಂದು ಸಣ್ಣ ಪರೀಕ್ಷೆ ಮಾಡಿನೋಡಬಹುದು. ರಾಷ್ಟ್ರಪತಿಯಾಗುವುದಕ್ಕೆ ಎಷ್ಟು ವಯಸ್ಸಾಗಿರಬೇಕೆಂದು ಕೇಳಿರಿ. 35 ಎಂದು ತಟ್ಟನೆ ಉತ್ತರ ಬರುವುದು. ಲೋಕಸಭೆಯಲ್ಲಿ ಎಷ್ಟು ಸ್ಥಾನ? 543. ರಾಜ್ಯಸಭೆಯ ಸದಸ್ಯನಿಗೆ ಎಷ್ಟು ವಯಸ್ಸು? 30. ಬಹಳ ಸಂತೋಷ. ಇನ್ನು, ನಮ್ಮ ಗ್ರಾಮ ಪಂಚಾಯಿತಿಯ ಕಚೇರಿ ಎಲ್ಲಿದೆ, ನಮ್ಮ ವಾರ್ಡಿನ ಸದಸ್ಯರು ಯಾರು, ಕಳೆದ ಗ್ರಾಮಸಭೆ ಯಾವಾಗ ನಡೆಯಿತು, ನಮ್ಮ ಮನೆಯ ಕಂದಾಯ ಎಷ್ಟು ಎಂದು ಕೇಳಿರಿ. ಮಗು ನಿಮ್ಮ ಮುಖವನ್ನು ನೋಡುವುದು. ಆಗ ತಂದೆಯೂ ಉತ್ತರ ತಿಳಿಯದೆ ತಾಯಿಯ ಮುಖವನ್ನು ನೋಡುವ ಸಂದರ್ಭ ಒದಗಿದರೆ ಅದಕ್ಕೆ ನಾವು ಹೊಣೆಗಾರರಲ್ಲ!

ಈ ವಿಷಯದ ಪೂರ್ವಚರಿತ್ರೆಯನ್ನು ಸ್ವಲ್ಪ ಅರಿತರೆ ಹೀಗೇಕಾಯಿತೆಂಬುದು ತಿಳಿಯುವುದು. ಬ್ರಿಟಿಷರ ಆಳ್ವಿಕೆಯಲ್ಲಿ ಈ ದೇಶದ ಪಾಠಪಟ್ಟಿಗೆ ಪೌರನೀತಿ ಸೇರಿದಾಗ, ಜನರಲ್ಲಿ ರಾಜನಿಷ್ಠೆಯನ್ನು ಬೆಳೆಸಬೇಕೆಂಬುದು ಅದರ ಒಂದು ಉದ್ದೇಶವಾಗಿದ್ದಿತು. ಸ್ವದೇಶೀ ಚಳವಳಿಯ ಕಾಲದಲ್ಲಿ ಜನ ಅಸಮಾಧಾನಗೊಳ್ಳುತ್ತಿದ್ದರು. ಅವರ ಮಕ್ಕಳಿಗೆ ವಿಧೇಯತೆಯನ್ನು ಕಲಿಸಬೇಕಾಗಿದ್ದಿತು. ರಸ್ತೆಯ ಎಡಗಡೆ ನಡೆಯತಕ್ಕದ್ದು, ಅಧಿಕಾರಿಗಳನ್ನು ಗೌರವಿಸತಕ್ಕದ್ದು, ತೆರಿಗೆಯನ್ನು ಕಾಲಕ್ಕೆ ಸರಿಯಾಗಿ ಸಲ್ಲಿಸತಕ್ಕದ್ದು ಎಂಬಂತಹ ಉಪದೇಶಗಳೇ ಪಾಠವಾದುವು. 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಈ ಹುಟ್ಟಿನ ವೃತ್ತಾಂತವನ್ನು ನೇರವಾಗಿಯೇ ಪ್ರಸ್ತಾಪಿಸಿತು. ಅದರ ತರುವಾಯ 2006ರಿಂದ ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯವರು ಮಾಧ್ಯಮಿಕ ತರಗತಿಗಳಿಗೆ ಹಳೆಯ ಹೆಸರನ್ನು ಬಿಟ್ಟು, ಸಾಮಾಜಿಕ ಮತ್ತು ರಾಜಕೀಯ ಜೀವನ ಎಂಬ ಹೆಸರಿನಲ್ಲಿ ಹೊಸ ಪುಸ್ತಕಗಳನ್ನು ಹೊರತಂದರು. ಹೆಸರನ್ನು ಬದಲಾಯಿಸುವುದು ಸುಲಭ. ಹಳೆಯ ಉಪದೇಶದ ಧಾಟಿ ಮಾತ್ರ ಅನೇಕ ಕೊಠಡಿಗಳಿಂದ ಇನ್ನೂ ಹೊರಟುಹೋಗಿಲ್ಲ.

ನಮ್ಮ ಮೈಸೂರು ಸೀಮೆಗೆ ಮಾತ್ರ ಇದಕ್ಕಿಂತ ಭಿನ್ನವಾದ ಒಂದು ಪಾಠ ಹಿಂದೆಯೇ ದೊರೆತಿತ್ತು. 1881ನೆಯ ಇಸವಿ ಅಕ್ಟೋಬರ್ 7ರಂದು, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ಮೈಸೂರು ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. ಬಂದ ಪ್ರತಿನಿಧಿಗಳು 144 ಮಂದಿ. ಅವರಲ್ಲಿ ಬಹುಮಂದಿ ಜಮೀನುದಾರರೂ ವ್ಯಾಪಾರಸ್ಥರೂ ಆಗಿದ್ದರು. ಬಡವರಿಗೂ ಹೆಂಗಸರಿಗೂ ಅಲ್ಲಿ ಸ್ಥಳವಿರಲಿಲ್ಲ. ಸರ್ಕಾರ ಒಪ್ಪಲೇಬೇಕೆಂದು ಕಟ್ಟುಮಾಡುವ ಅಧಿಕಾರವೂ ಆ ಸಭೆಗಿರಲಿಲ್ಲ. ಆದರೂ ಕೆರೆ, ರಸ್ತೆ, ಕಂದಾಯ, ಕಾಡು ಮುಂತಾದ ತಮ್ಮ ಸೀಮೆಯ ಸಂಗತಿಗಳನ್ನು ದಿವಾನರ ಎದುರು ನಿಂತು ಹೇಳುವುದು, ಸರ್ಕಾರದ ವರದಿಯನ್ನು ಕೇಳುವುದು, ಊರಿಗೆ ಹಿಂದಿರುಗಿ ನೆರೆಹೊರೆಯವರಿಗೆ ಅದನ್ನು ತಿಳಿಸುವುದು, ಇವುಗಳಿಂದ ಒಂದು ಅಭ್ಯಾಸ ಬೆಳೆಯಿತು. ಪುಸ್ತಕದಿಂದ ಬಾರದ ಪೌರನೀತಿ ನಡವಳಿಕೆಯಿಂದ ಬಂದಿತು. 1891ರಿಂದ ಸದಸ್ಯರ ಚುನಾವಣೆಯೂ ಪ್ರಾರಂಭವಾಯಿತು. 1945ರಲ್ಲಿ ಡಿ. ವಿ. ಗುಂಡಪ್ಪನವರು ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದುದೂ ಇದೇ ಯೋಚನೆಯಿಂದಲೇ. ಸ್ವರಾಜ್ಯ ಬರುವ ಮುನ್ನವೇ ಅದಕ್ಕೆ ಬೇಕಾದ ಶಿಕ್ಷಣವನ್ನು ಸಾಮಾನ್ಯ ಪೌರನಿಗೆ ಕೊಡಬೇಕೆಂಬ ಕಳವಳ ಅಂದಿನ ಹಿರಿಯರನ್ನು ಕಾಡುತ್ತಿದ್ದಿತು.

ಈಗ ಮಲೆನಾಡಿಗೆ ಬರೋಣ. ಹಿಂದೆ ಕಡೂರು ಜಿಲ್ಲೆಯೆನಿಸಿಕೊಂಡಿದ್ದ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕಾಫಿಯ ಬೆಟ್ಟಗಳಲ್ಲಿ ಊರೆಂಬುದು ಬಯಲುಸೀಮೆಯ ಊರಿನಂತೆ ಒಂದೆಡೆ ಕಟ್ಟಿಕೊಂಡಿರುವುದಿಲ್ಲ. ಇಲ್ಲೊಂದು ಮನೆ, ಒಂದು ಮೈಲಿ ತೋಟದಾಚೆ ಇನ್ನೊಂದು ಮನೆ; ಹಳ್ಳದ ಆ ಬದಿಯಲ್ಲಿ ಕೂಲಿಕಾರರ ಲೈನು. ಮಳೆಗಾಲದಲ್ಲಿ ಕಾಲುಸಂಕ ಕೊಚ್ಚಿಹೋದರೆ ಆಚೆಯವರು ಆಚೆ, ಈಚೆಯವರು ಈಚೆ. ಕಾಯಿದೆ ಮಾಡಿದವರೂ ಇದನ್ನು ಬಲ್ಲವರೇ. 1993ರ ಪಂಚಾಯತ್ ರಾಜ್ ಕಾಯಿದೆಯಲ್ಲಿ ಸಾಮಾನ್ಯವಾಗಿ 5000ದಿಂದ 7000 ಜನಸಂಖ್ಯೆಗೆ ಒಂದು ಗ್ರಾಮ ಪಂಚಾಯಿತಿಯೆಂದು ಇಟ್ಟು, ಮಲೆನಾಡಿನ ಪ್ರದೇಶಗಳಿಗೆ ಮಾತ್ರ 2500 ಜನಸಂಖ್ಯೆಯಿದ್ದರೂ ಸಾಕೆಂದು ಸಡಿಲಿಸಿದರು. ಪಂಚಾಯಿತಿ ಹತ್ತಿರ ಬಂದಿತು. ಅದನ್ನು ಬಳಸಿಕೊಳ್ಳುವ ತಿಳಿವಳಿಕೆ ಅಷ್ಟೇ ಹತ್ತಿರ ಬಂದಿತೆ?

ಕಳಸದ ಕಡೆ ಪ್ರಯಾಣ ಮಾಡುತ್ತಿದ್ದಾಗ ಬಸ್ಸಿಗಾಗಿ ಕಾದಿದ್ದೆವು. ತಂಗುದಾಣದ ಗೋಡೆಗೆ ವಾರ್ಡ್ ಸಭೆಯ ನೋಟೀಸೊಂದನ್ನು ಅಂಟಿಸಿದ್ದರು. ಏಳನೆಯ ತರಗತಿಯ ಹುಡುಗಿಯೊಬ್ಬಳು ತನ್ನ ತಾಯಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳಿದಳು. ಒಂದಕ್ಷರವೂ ತಪ್ಪಲಿಲ್ಲ. ತಾಯಿ ಕೇಳಿದಳು: "ಅಂದ್ರೆ ನಾವು ಹೋಗ್ಬೇಕೇನೇ?"

"ಗೊತ್ತಿಲ್ಲವ್ವ. ಮೆಂಬ್ರುಗಳು ಹೋಗೋದಿರ್ಬೇಕು" ಎಂದಳು ಹುಡುಗಿ.

ನಾವು ಮಧ್ಯೆ ಬಾಯಿಹಾಕಿ, "ನಿಮ್ಮ ಪುಸ್ತಕದಲ್ಲಿ ಗ್ರಾಮಸಭೆಯ ಪಾಠವಿಲ್ಲವೇನಮ್ಮಾ?" ಎಂದು ವಿಚಾರಿಸಿದೆವು.

"ಇದೆ ಮೇಷ್ಟ್ರೇ. ಗ್ರಾಮದ ಮತದಾರರೆಲ್ಲ ಸೇರುವ ಸಭೆಯೇ ಗ್ರಾಮಸಭೆ," ಎಂದು ಒಪ್ಪಿಸಿ, "ಅದು ಇದೇನಾ?" ಎಂದಳು.

ಆ ತಾಯಿ ಮತದಾರಳು. ವಾರ್ಡ್ ಸಭೆಯಲ್ಲಿ ಕುಳಿತು ಮಾತನಾಡುವ ಹಕ್ಕು ಆಕೆಗೆ ಕಾಯಿದೆಯಿಂದಲೇ ಬಂದಿದೆ. ನಾವು ಅಷ್ಟನ್ನು ವಿವರಿಸಿದೆವು. ಆದರೆ ಸಭೆಯ ದಿನಾಂಕ ಹಿಂದಿನ ದಿನವೇ ಕಳೆದುಹೋಗಿತ್ತು. ಆಕೆಗೆ ಸ್ವಂತ ಮನೆಯಿಲ್ಲ, ನಿವೇಶನವೂ ಇಲ್ಲವೆಂದು ಮಾತಿನ ನಡುವೆ ತಿಳಿಯಿತು. ಸರ್ಕಾರದ ವಸತಿ ಯೋಜನೆಗಳಿಗೆ ಫಲಾನುಭವಿಗಳನ್ನು ಆರಿಸುವುದು ಇಂತಹ ಸಭೆಗಳಲ್ಲಿಯೇ.

ಓದುಬರಹ ಬಲ್ಲ ನಮ್ಮಂಥ ಗೃಹಸ್ಥರಿಗೆ ಇದು ಸಣ್ಣ ಸಂಗತಿಯಾಗಿ ತೋರಬಹುದು. ತೋಟದ ಲೈನಿನಲ್ಲಿ ವಾಸವಾಗಿರುವ ಕುಟುಂಬದ ಸ್ಥಿತಿಯನ್ನು ಸ್ವಲ್ಪ ಆಲೋಚಿಸಿರಿ. ಮನೆ ತೋಟದವರದು, ಕೆಲಸವಿರುವವರೆಗೆ ಸೂರು. 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಗದ್ದೆ ಬಂದಿತಾದರೂ ಕಾಫಿಯಂತಹ ತೋಟಗಳು ಆ ಮಿತಿಗೆ ಒಳಪಡಲಿಲ್ಲವಾದ್ದರಿಂದ, ತಲೆಮಾರುಗಳಿಂದ ಮರಗಸಿ, ಕಪಾತು, ಕುಯ್ಲುಗಳಲ್ಲಿ ದುಡಿದವರಿಗೆ ಅದರಿಂದ ಒಂದು ಗುಂಟೆಯೂ ಬರಲಿಲ್ಲ. 1951ರ ತೋಟ ಕಾರ್ಮಿಕರ ಕಾಯಿದೆ, ಒಂದು ತೋಟದಲ್ಲಿ ಕೂಲಿಕಾರರ 6ರಿಂದ 12 ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಅವರ ವಿದ್ಯಾಭ್ಯಾಸಕ್ಕೆ ತೋಟದವರೇ ಅನುಕೂಲ ಕಲ್ಪಿಸುವಂತೆ ನಿಯಮ ಮಾಡಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿತ್ತು. ಸರ್ಕಾರಿ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡವರಿಗೆ ಭೂಕಂದಾಯ ಕಾಯಿದೆಯ 94ಸಿ ಕಲಮಿನಲ್ಲಿ ಅರ್ಜಿ ಹಾಕುವ ದಾರಿ ತೆರೆಯಿತು. ಸಾಗುವಳಿ ಮಾಡಿದವರಿಗೆ ನಮೂನೆ 50, ಆಮೇಲೆ 53, 2018ರಲ್ಲಿ 57 ಎಂದು ಬಂದುವು. ಇವೊಂದೊಂದಕ್ಕೂ ಗಡುವು ಉಂಟು. ಗಡುವು ಮುಗಿದ ಮೇಲೆ ಬಂದವನಿಗೆ ತಾಲ್ಲೂಕು ಕಚೇರಿಯ ಬಾಗಿಲು ತೆರೆದೇ ಇದ್ದರೂ ಒಳಗೆ ಕೆಲಸವಾಗುವುದಿಲ್ಲ.

ಕಾಡಂಚಿನವರ ವಿಷಯದಲ್ಲಿ ಗ್ರಾಮಸಭೆಯ ಮಹತ್ವ ಇನ್ನೂ ಹೆಚ್ಚು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾದಂದಿನಿಂದ ಕಳಸದ ಸುತ್ತಿನ ಅನೇಕ ಮನೆಗಳವರಿಗೆ ತಾವು ನಿಂತ ನೆಲ ಯಾರದೆಂಬ ಚಿಂತೆ ಹತ್ತಿತು. 2006ರ ಅರಣ್ಯ ಹಕ್ಕುಗಳ ಕಾಯಿದೆಯ ಪ್ರಕಾರ ಹಕ್ಕಿನ ಅರ್ಜಿಗಳನ್ನು ಮೊದಲು ಕರೆಯತಕ್ಕದ್ದು ಗ್ರಾಮಸಭೆ. ಅರಣ್ಯ ಹಕ್ಕು ಸಮಿತಿಯನ್ನು ಆರಿಸತಕ್ಕದ್ದೂ ಅದೇ. ಬುಡಕಟ್ಟಿನವರಲ್ಲದ ಕಾಡಿನ ನಿವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದುದನ್ನು ತೋರಿಸಬೇಕು. ಅಜ್ಜನ ಕಾಲದ ಕಂದಾಯದ ರಸೀತಿಯನ್ನು ಹುಡುಕುವುದು ಮನೆಯ ಹಿರಿಯರ ಕೆಲಸ. ಆ ಅರ್ಜಿಯಲ್ಲಿ ಏನು ಕೇಳಿದೆ, ಸಭೆ ತೀರ್ಮಾನಿಸಿದ ಮೇಲೆ ಕಾಗದ ಎಲ್ಲಿಗೆ ಹೋಗುತ್ತದೆ, ತಿರಸ್ಕೃತವಾದರೆ ಮೇಲ್ಮನವಿ ಎಲ್ಲಿ ಎಂಬುದನ್ನು ಹತ್ತನೆಯ ತರಗತಿಯ ಹುಡುಗನೊಬ್ಬ ತಿಳಿದು ಹೇಳುವಂತಾದರೆ ಆ ಮನೆಗೆ ಅವನ ಓದು ಸಾರ್ಥಕವಾಯಿತು. ಪೌರನೀತಿಯ ಪುಸ್ತಕದಲ್ಲಿ ಈ ಮಾತಿಗೆ ಎರಡು ಪುಟ ಮೀಸಲಿಟ್ಟರೆ ಸಂಸತ್ತಿನ ಪಾಠಕ್ಕೆ ಭಂಗವೇನೂ ಬರುವುದಿಲ್ಲ.

ಸಂಸತ್ತಿನ ಮಾತು ಬಂದಿತಾದ್ದರಿಂದ ನಮ್ಮ ಜಿಲ್ಲೆಯದೇ ಒಂದು ಉದಾಹರಣೆಯನ್ನು ಹೇಳಬೇಕಾಗಿದೆ. ಪುಸ್ತಕ ಬರೆಯುವವರ ಕಣ್ಣಿಗೆ ಇದು ಏಕೆ ಬೀಳಲಿಲ್ಲವೋ ತಿಳಿಯದು. 1977ರಲ್ಲಿ ರಾಯ್‌ಬರೇಲಿಯಲ್ಲಿ ಸೋತಿದ್ದ ಶ್ರೀಮತಿ ಇಂದಿರಾ ಗಾಂಧಿಯವರು 1978ರ ನವೆಂಬರಿನಲ್ಲಿ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದ ಉಪಚುನಾವಣೆಗೆ ನಿಂತರು. ಅಲ್ಲಿನ ಸದಸ್ಯರಾಗಿದ್ದ ಡಿ. ಬಿ. ಚಂದ್ರೇಗೌಡರು ರಾಜೀನಾಮೆಯಿತ್ತು ಸ್ಥಾನವನ್ನು ತೆರವು ಮಾಡಿದ್ದರು. ಎದುರು ನಿಂತವರು ಹಿಂದೆ ಮುಖ್ಯಮಂತ್ರಿಗಳಾಗಿದ್ದ ವೀರೇಂದ್ರ ಪಾಟೀಲರು. ಅದುವರೆಗೆ ಕಾಫಿಯಿಂದ ಮಾತ್ರ ಹೆಸರಾಗಿದ್ದ ಊರಿಗೆ ದೇಶವಿದೇಶಗಳ ಪತ್ರಕರ್ತರು ಬಂದಿಳಿದರು. ಇಂದಿರಾ ಗಾಂಧಿಯವರು ಗೆದ್ದರು. ಇಷ್ಟು ಕಥೆಯನ್ನು ನಮ್ಮ ಜಿಲ್ಲೆಯ ಅಜ್ಜಅಜ್ಜಿಯರೆಲ್ಲರೂ ಹೇಳಬಲ್ಲರು.

ಅದರ ಮುಂದಿನ ಭಾಗವೇ ಪೌರನೀತಿಯ ಪಾಠ. ಗೆದ್ದು ಎರಡು ತಿಂಗಳು ತುಂಬುವುದರೊಳಗೆ, ಡಿಸೆಂಬರ್ 19ರಂದು, ಲೋಕಸಭೆಯೇ ಬಹುಮತದ ನಿರ್ಣಯದಿಂದ ಅವರ ಸದಸ್ಯತ್ವವನ್ನು ರದ್ದುಮಾಡಿ, ಅಧಿವೇಶನ ಮುಗಿಯುವವರೆಗೆ ಸೆರೆಮನೆಗೆ ಕಳುಹಿಸಿತು. ಅವರು ಪ್ರಧಾನಿಯಾಗಿದ್ದಾಗ, ಮಾರುತಿ ಕಂಪನಿಯ ಬಗೆಗೆ ಸಂಸತ್ತಿನಲ್ಲಿ ಕೇಳಿದ್ದ ಪ್ರಶ್ನೆಯೊಂದಕ್ಕೆ ಮಾಹಿತಿ ಕೂಡಿಸುತ್ತಿದ್ದ ಅಧಿಕಾರಿಗಳಿಗೆ ಅಡ್ಡಿಯುಂಟುಮಾಡಿ ಸಭೆಯ ಹಕ್ಕಿಗೆ ಚ್ಯುತಿ ತಂದರೆಂಬುದು ಆರೋಪ. ಮುಂದೆ 1981ರ ಮೇ ತಿಂಗಳಲ್ಲಿ ಬೇರೊಂದು ಲೋಕಸಭೆ ಆ ನಿರ್ಣಯವನ್ನು ತೊಡೆದುಹಾಕಿತು. ಇಲ್ಲಿ ಎಷ್ಟು ಪ್ರಶ್ನೆಗಳಿವೆ, ನೋಡಿರಿ! ಜನರು ಆರಿಸಿ ಕಳುಹಿಸಿದವರನ್ನು ಸಭೆ ಹೊರಹಾಕಬಹುದೆ? ಹಾಗಾದರೆ ಮತ ಕೊಟ್ಟವರ ಗತಿಯೇನು? ಪ್ರಧಾನಿಯಾದವರು ಸಂಸತ್ತಿನ ಪ್ರಶ್ನೆಗೆ ಉತ್ತರ ದೊರಕದಂತೆ ತಡೆದರೆ ಶಿಕ್ಷೆಯಾಗುವುದು ಬೇಡವೆ? ಹಿಂದಿನ ಸಭೆ ಮಾಡಿದ್ದನ್ನು ಮುಂದಿನ ಸಭೆ ಅಳಿಸಬಹುದೆ? ಇಬ್ಬರು ವಿದ್ಯಾರ್ಥಿಗಳನ್ನು ಎದುರುಬದುರು ನಿಲ್ಲಿಸಿ ಈ ವಿಷಯದ ಮೇಲೆ ಅರ್ಧ ಗಂಟೆ ವಾದ ಮಾಡಿಸಿದರೆ, ಹಕ್ಕುಚ್ಯುತಿಯೆಂಬ ಪದದ ಅರ್ಥವನ್ನು ಅವರು ಜನ್ಮಪರ್ಯಂತ ಮರೆಯುವುದಿಲ್ಲ. ಯಾವ ಪಕ್ಷವನ್ನೂ ಹೊಗಳಬೇಕಾಗಿಲ್ಲ, ತೆಗಳಬೇಕಾಗಿಲ್ಲ.

ಆದರೆ ಉಪಾಧ್ಯಾಯರಿಗೆ ಧೈರ್ಯ ಬರಬೇಕಲ್ಲ! ಪೌರನೀತಿಯನ್ನು ಜೀವಂತವಾಗಿ ಕಲಿಸಲು ಅಡ್ಡಿಯಾಗಿರುವುದು ಮುಖ್ಯವಾಗಿ ಭಯ. ನಾವೂ ಕೆಲವು ಕಾಲ ಆ ವೃತ್ತಿಯಲ್ಲಿದ್ದವರಾದ್ದರಿಂದ ಈ ಮಾತನ್ನು ಹೇಳಲು ಅಧಿಕಾರವುಂಟೆಂದು ಭಾವಿಸುತ್ತೇವೆ. ರಾಷ್ಟ್ರಪತಿಯ ಅಧಿಕಾರಗಳನ್ನು ಕಪ್ಪು ಹಲಗೆಯ ಮೇಲೆ ಬರೆದರೆ ಯಾರೂ ಆಕ್ಷೇಪಿಸುವುದಿಲ್ಲ. ಊರಿನ ನೀರಿನ ತೊಟ್ಟಿಗೆ ಬಂದ ಹಣ ಎಷ್ಟು, ಖರ್ಚಾದದ್ದು ಎಷ್ಟೆಂದು ಮಕ್ಕಳಿಂದ ಲೆಕ್ಕ ಕೇಳಿಸಿದರೆ, ಮರುದಿನವೇ "ಮೇಷ್ಟ್ರು ರಾಜಕೀಯ ಮಾಡುತ್ತಿದ್ದಾರೆ" ಎಂಬ ದೂರು ಮೇಲಿನವರಿಗೆ ಹೋಗುವುದು. ತೋಟದ ಒಡೆಯರಲ್ಲಿ ಕೆಲವರಿಗೂ ಅಳುಕುಂಟು: ಕೂಲಿಯ ಮಕ್ಕಳು ಕಾಯಿದೆ ಮಾತನಾಡತೊಡಗಿದರೆ ಕೆಲಸ ಮಾಡಿಸುವುದು ಹೇಗೆ ಎಂದು. ಈ ಅಳುಕಿಗೆ ನಮ್ಮ ಉತ್ತರವಿಷ್ಟೆ. ಕಾಫಿ ಮಂಡಳಿಯ ನಿಯಮಗಳನ್ನೂ ಬ್ಯಾಂಕಿನ ಸಾಲದ ಷರತ್ತುಗಳನ್ನೂ ಓದಿ ತಿಳಿದುಕೊಂಡು, ಬೆಳೆಗಾರರ ಸಂಘ ಕಟ್ಟಿ, ದೆಹಲಿಯವರೆಗೆ ನಿಯೋಗ ಹೋಗಿ ತಮ್ಮ ಕಷ್ಟಗಳನ್ನು ಹೇಳಿಕೊಳ್ಳಲು ಬಲ್ಲವರಿಗೆ, ಅದೇ ವಿದ್ಯೆ ಇನ್ನೊಬ್ಬರ ಮನೆಯಲ್ಲಿರುವುದು ಅಪಾಯವೆಂದು ತೋರಬಾರದು. ಹಾಗೆ ತೋರಿದರೆ ಪೌರನೀತಿಯ ಪಾಠ ಮೊದಲು ಬೇಕಾದದ್ದು ಅವರ ಮನೆಗೇ ಎನ್ನಬೇಕಾಗುವುದು.

ಗೃಹಿಣಿಯರಲ್ಲಿ ಕೆಲವರು ಬೇರೊಂದು ಆಕ್ಷೇಪಣೆ ಎತ್ತುವುದುಂಟು. ಎಳೆಯ ಮಕ್ಕಳಿಗೆ ರಾಜಕೀಯದ ಕೆಸರನ್ನೇಕೆ ಮೆತ್ತಬೇಕು ಎನ್ನುತ್ತಾರೆ. ಅವರ ಆತಂಕ ನ್ಯಾಯವಾದದ್ದೇ. ಪಕ್ಷದ ಬಾವುಟ ಹಿಡಿಸಿ ಮಕ್ಕಳನ್ನು ಮೆರವಣಿಗೆಗೆ ಕರೆದೊಯ್ಯುವುದನ್ನು ನಾವೂ ಖಂಡಿಸುತ್ತೇವೆ. ಗ್ರಾಮ ಪಂಚಾಯಿತಿಯ ಚುನಾವಣೆಗಳು ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತವೆ. ಅಲ್ಲಿ ಸ್ಪರ್ಧಿಸಲು 21 ವರ್ಷ ತುಂಬಿದ್ದರೆ ಸಾಕು. ಸ್ಥಾನಗಳಲ್ಲಿ ಅರ್ಧದಷ್ಟು ಹೆಂಗಸರಿಗೆ ಮೀಸಲು. ಇಷ್ಟು ಹತ್ತಿರದಲ್ಲಿರುವ ಸಂಸ್ಥೆಯನ್ನು ಕುರಿತು ಹೆಣ್ಣುಮಕ್ಕಳಿಗೆ ಹೇಳಿಕೊಡದೆ ಬಿಟ್ಟರೆ, ನಾಳೆ ಅವರು ಸದಸ್ಯೆಯರಾದಾಗ ಗಂಡಂದಿರೇ ಸಭೆಗೆ ಹೋಗಿ ಕೂಡುವರು. ಈ ಪದ್ಧತಿಯನ್ನು ಕಂಡು ನಗುವವರು ನಮ್ಮಲ್ಲಿ ಬೇಕಾದಷ್ಟು ಮಂದಿ. ಅದಕ್ಕೆ ಔಷಧ ಹುಡುಕುವವರು ಕಡಿಮೆ.

ಪರದೇಶಗಳಲ್ಲಿ ಈ ಕಡ್ಡಾಯದ ವಿಚಾರ ಹೇಗೆ ನಡೆಯಿತೆಂಬುದನ್ನೂ ಸ್ವಲ್ಪ ನೋಡಬಹುದು. ಇಂಗ್ಲೆಂಡಿನಲ್ಲಿ ಬರ್ನಾರ್ಡ್ ಕ್ರಿಕ್ ಅವರ ಸಮಿತಿ 1998ರಲ್ಲಿ ಕೊಟ್ಟ ವರದಿಯ ಮೇಲೆ, 2002ರಿಂದ 11ರಿಂದ 16 ವರ್ಷದ ಮಕ್ಕಳಿಗೆ ಪೌರಶಿಕ್ಷಣವನ್ನು ಕಡ್ಡಾಯ ಮಾಡಿದರು. ಊರಿನ ಕೆಲಸಗಳಲ್ಲಿ ಮಕ್ಕಳು ಪಾಲುಗೊಳ್ಳುವುದನ್ನೂ ಆ ವರದಿ ಪಾಠದ ಅಂಗವೆಂದೇ ಎಣಿಸಿತ್ತು. ಅಮೆರಿಕದ ಅರಿಜೋನಾ ಸಂಸ್ಥಾನದವರು 2015ರಲ್ಲಿ ಬೇರೆ ದಾರಿ ಹಿಡಿದರು. ಹೊರಗಿನಿಂದ ಬಂದು ನೆಲೆಸುವವರಿಗೆ ಪೌರತ್ವ ಕೊಡುವಾಗ ಕೇಳುವ 100 ಪ್ರಶ್ನೆಗಳಲ್ಲಿ ಕನಿಷ್ಠ 60ಕ್ಕೆ ಸರಿಯುತ್ತರ ಹೇಳದ ವಿದ್ಯಾರ್ಥಿಗೆ ಪ್ರೌಢಶಾಲೆಯ ಪದವಿಪತ್ರವಿಲ್ಲವೆಂದು ಕಾಯಿದೆ ಮಾಡಿದರು. ಎರಡನೆಯದು ಅಗ್ಗದ ಮಾರ್ಗ, ಅಳೆಯುವುದಕ್ಕೂ ಸುಲಭ. ನಮ್ಮ ಬಾಯಿಪಾಠದ ಹುಡುಗರು ಅದರಲ್ಲಿ ನೂರಕ್ಕೆ ನೂರು ತೆಗೆಯುವರೆಂಬುದರಲ್ಲಿ ಸಂದೇಹವಿಲ್ಲ. ನಾವು ಮೊದಲನೆಯ ಮಾರ್ಗವನ್ನೇ ಮೆಚ್ಚುವವರು.

ನಮ್ಮ ರಾಜ್ಯದಲ್ಲಿಯೂ 2023ರಲ್ಲಿ ಸರ್ಕಾರದವರು ಶಾಲಾಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆಯನ್ನು ಓದಿಸಬೇಕೆಂದು ಕಡ್ಡಾಯ ಮಾಡಿದರು. ಆ ವರ್ಷ ಸೆಪ್ಟೆಂಬರ್ 15ರಂದು ರಾಜ್ಯದಾದ್ಯಂತ ಸಾಮೂಹಿಕ ವಾಚನ ನಡೆಯಿತು. ಮರುವರ್ಷ ಅದೇ ದಿನ ಬೀದರಿನಿಂದ ಚಾಮರಾಜನಗರದವರೆಗೆ ಸುಮಾರು 2500 ಕಿಲೋಮೀಟರ್ ಉದ್ದದ ಮಾನವ ಸರಪಳಿಯನ್ನೂ ಮಾಡಿದರು. ಇದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಸಮಾನತೆ, ಭ್ರಾತೃತ್ವ ಎಂಬ ಪದಗಳು ಪ್ರತಿದಿನ ಕಿವಿಗೆ ಬಿದ್ದರೆ ಒಳ್ಳೆಯದೇ. ಆದರೆ ಪ್ರಾರ್ಥನೆಯ ಸಾಲಿನಲ್ಲಿ ಸಮಾನತೆಯನ್ನು ಉಚ್ಚರಿಸಿದ ಮಗು, ಮಧ್ಯಾಹ್ನದ ಊಟಕ್ಕೆ ಕುಳಿತಾಗ ಪಕ್ಕದಲ್ಲಿ ಯಾರನ್ನು ಕೂರಿಸಿಕೊಳ್ಳುತ್ತದೆಂಬುದನ್ನು ಉಪಾಧ್ಯಾಯರು ನೋಡಿದರೆ ಪಾಠ ಮುಟ್ಟಿತೋ ಇಲ್ಲವೋ ತಿಳಿಯುವುದು.

ಹೊಸದೇನನ್ನೂ ಕಂಡುಹಿಡಿಯಬೇಕಾದ ಕಷ್ಟವೂ ನಮಗಿಲ್ಲ. ಸಾಧನಗಳು ಈಗಾಗಲೇ ಇವೆ. ಘಟ್ಟದ ಕೆಳಗೆ ಕುಂದಾಪುರದ ಕಡೆ 1990ರ ದಶಕದಲ್ಲಿಯೇ, ದುಡಿಯುವ ಮಕ್ಕಳ ನಡುವೆ ಕೆಲಸ ಮಾಡುವ ಸಂಸ್ಥೆಯೊಂದರ ನೆರವಿನಿಂದ, ಮಕ್ಕಳ ಪಂಚಾಯಿತಿಗಳು ಹುಟ್ಟಿಕೊಂಡುವು. ಮಕ್ಕಳೇ ಮತ ಹಾಕಿ ತಮ್ಮ ಪ್ರತಿನಿಧಿಗಳನ್ನು ಆರಿಸಿ, ತಮ್ಮ ತೊಂದರೆಗಳನ್ನು ದೊಡ್ಡವರ ಪಂಚಾಯಿತಿಯ ಮುಂದಿಟ್ಟರು. ಈಗ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸರ್ಕಾರದ ಆದೇಶವಿದೆ. ಚೆನ್ನಾಗಿ ನಡೆದ ಕಡೆ ಮಕ್ಕಳು ಶೌಚಾಲಯ, ಕುಡಿಯುವ ನೀರು, ಕಾಲುಸಂಕ, ಬಸ್ಸಿನ ವೇಳೆ ಮುಂತಾದವನ್ನು ಕೇಳುತ್ತಾರೆ. ಇತರ ಕಡೆ ಹಾರ ಹಾಕುವುದು, ಭಾಷಣ ಮಾಡುವುದು, ಸಿಹಿ ಹಂಚುವುದು, ಛಾಯಾಚಿತ್ರ ತೆಗೆಸುವುದು, ಇಷ್ಟರಲ್ಲಿ ಸಭೆ ಮುಕ್ತಾಯ. ಹಿಂದಿನ ವರ್ಷ ಮಕ್ಕಳು ಕೇಳಿದ್ದೇನು, ಅದರಲ್ಲಿ ಆದದ್ದೇನು ಎಂಬುದನ್ನು ಈ ವರ್ಷದ ಸಭೆಯಲ್ಲಿ ಮೊದಲು ಓದತಕ್ಕದ್ದೆಂಬ ಒಂದು ನಿಯಮವನ್ನು ಪಾಲಿಸಿದರೆ ಸಿಹಿ ಹಂಚುವುದಕ್ಕೆ ನಮ್ಮ ಅಡ್ಡಿಯಿಲ್ಲ.

ತಂದೆತಾಯಿಗಳ ಪಾಲಿಗೂ ಒಂದು ಪಾಠಶಾಲೆ ತೆರೆದಿದೆ. 2001ರಿಂದ ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. 2009ರ ಶಿಕ್ಷಣ ಹಕ್ಕಿನ ಕಾಯಿದೆ, ಇಂತಹ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಮಕ್ಕಳ ಪೋಷಕರಾಗಿರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು ವಿಧಿಸಿದೆ. ಮಕ್ಕಳು ಮೊದಲು ಕಾಣುವ ಸಭೆ ಇದು. ಅಪ್ಪ ಅಮ್ಮ ಅಲ್ಲಿ ಹಾಜರಾತಿ ಪುಸ್ತಕಕ್ಕೆ ಹೆಬ್ಬೆಟ್ಟೊತ್ತಿ ಬರುವರೋ, ಅಥವಾ ಬಿಸಿಯೂಟದ ಅಕ್ಕಿಯ ಲೆಕ್ಕ ಕೇಳಿ ಬರುವರೋ ಎಂಬುದನ್ನು ಮಗು ಗಮನಿಸುತ್ತಿರುತ್ತದೆ. ಮೂಲಭೂತ ಕರ್ತವ್ಯಗಳ ಪಟ್ಟಿಗೆ 2002ರಲ್ಲಿ ಸೇರಿದ ಹನ್ನೊಂದನೆಯ ಕರ್ತವ್ಯ, 6ರಿಂದ 14 ವರ್ಷದ ಮಕ್ಕಳಿಗೆ ವಿದ್ಯಾಭ್ಯಾಸದ ಅವಕಾಶ ಒದಗಿಸುವುದು, ತಂದೆತಾಯಿಗಳ ಮೇಲೆಯೇ ಬಿದ್ದಿದೆ. ನಮ್ಮ ಮಕ್ಕಳು ಹತ್ತು ಕರ್ತವ್ಯಗಳನ್ನು ಗಿಣಿಪಾಠದಂತೆ ಒಪ್ಪಿಸುವಾಗ ಹನ್ನೊಂದನೆಯದನ್ನು ನಾವು ಒಪ್ಪಿಸಿದರೆ ಚೆಂದ.

ಮನೆಯಲ್ಲಿ ಮಾಡಬಹುದಾದುದೂ ಉಂಟು. ಮತದಾರರ ಪಟ್ಟಿಗೆ ಹೆಸರು ಸೇರಿಸುವುದಕ್ಕೆ ಹಿಂದೆ ಜನವರಿ 1 ಒಂದೇ ಅರ್ಹತಾ ದಿನವಾಗಿದ್ದಿತು. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನಗಳೂ ಸೇರಿ ನಾಲ್ಕಾಗಿವೆ. 17 ತುಂಬಿದವರು ಮುಂಚಿತವಾಗಿಯೇ ಅರ್ಜಿ ಕೊಡಬಹುದು. ಮನೆಯ ಹಿರಿಯ ಮಗ ಅಥವಾ ಮಗಳಿಂದಲೇ ಆ ಅರ್ಜಿಯನ್ನು ತುಂಬಿಸಿರಿ; ಏಜೆಂಟನ ಕೈಗೆ ಕೊಡಬೇಡಿರಿ. ಕಚೇರಿಯಲ್ಲಿ ನಿಂತುಹೋದ ಕಾಗದವೊಂದಿದ್ದರೆ, 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ 10 ರೂಪಾಯಿ ಶುಲ್ಕವಿಟ್ಟು ಕೇಳಬಹುದೆಂದೂ, 30 ದಿನಗಳೊಳಗೆ ಉತ್ತರ ಬರಬೇಕೆಂದೂ ಹೇಳಿ, ಅರ್ಜಿಯ ಒಕ್ಕಣೆಯನ್ನು ಅವರಿಂದಲೇ ಬರೆಯಿಸಿರಿ. ಪ್ರಬಂಧ ಬರೆಯುವ ಅಭ್ಯಾಸವೂ ಆಯಿತು, ಮನೆಯ ಕೆಲಸವೂ ಆಯಿತು.

ಇನ್ನೊಂದು ವಿಷಯವನ್ನು ನಮ್ಮ ಬೆಟ್ಟದ ಸೀಮೆಯ ಪಂಚಾಯಿತಿಯವರ ಗಮನಕ್ಕೆ ತರಬೇಕಾಗಿದೆ. ಮಕ್ಕಳ ಗ್ರಾಮಸಭೆಗಳನ್ನು ಸಾಮಾನ್ಯವಾಗಿ ನವೆಂಬರಿನ ಮಕ್ಕಳ ದಿನಾಚರಣೆಯ ನಂತರ ಇಟ್ಟುಕೊಳ್ಳುವುದು ವಾಡಿಕೆ. ಬಯಲುಸೀಮೆಗೆ ಅದು ಸರಿಹೋಗಬಹುದು. ನಮ್ಮಲ್ಲಿ ಆ ಹೊತ್ತಿಗೆ ಅರೇಬಿಕಾ ಕುಯ್ಲು ಪ್ರಾರಂಭವಾಗಿರುತ್ತದೆ. ಅದು ಮುಗಿಯುವುದರೊಳಗೆ ರೊಬಸ್ಟಾ ಬರುತ್ತದೆ. ಲೈನಿನ ಹಿರಿಯ ಮಕ್ಕಳು ತಮ್ಮಂದಿರನ್ನು ನೋಡಿಕೊಳ್ಳುವುದಕ್ಕೆ ಮನೆಯಲ್ಲಿ ನಿಲ್ಲುವುದೂ, ಹಾಜರಾತಿ ಇಳಿಯುವುದೂ ಆಗಲೇ. ಈಚಿನ ವರ್ಷಗಳಲ್ಲಿ ಅಸ್ಸಾಂ, ಬಂಗಾಳ, ಬಿಹಾರಗಳಿಂದ ಬರುವ ಕೂಲಿಕಾರರ ಮಕ್ಕಳೂ ನಮ್ಮ ತೋಟಗಳಲ್ಲಿದ್ದಾರೆ. ಅವರಿಗೆ ಕನ್ನಡವೂ ಹೊಸದು, ಊರೂ ಹೊಸದು. ಯಾರ ಕಷ್ಟವನ್ನು ಕೇಳಬೇಕೋ ಅವರೇ ಬಾರದ ತಿಂಗಳಲ್ಲಿ ಸಭೆ ಕರೆದಂತಾಗುತ್ತದೆ. ಮಳೆ ಹಿಡಿದಿಟ್ಟು ಹಳ್ಳಗಳಿಳಿದ ಮೇಲೆ, ಕುಯ್ಲು ಏರುವ ಮುನ್ನ, ಅಕ್ಟೋಬರಿನ ಒಂದು ಶನಿವಾರದಲ್ಲಿ ಈ ಸಭೆಯನ್ನು ನಡೆಸಲಾಗದೆ? ಮೂಡಿಗೆರೆ, ಕಳಸ ತಾಲ್ಲೂಕುಗಳ ವಾಚಕರು ತಮ್ಮ ತಮ್ಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗಳಿಗೆ ಈ ಬಗೆಗೆ ಒಂದು ಕಾಗದ ಬರೆದು, ಬಂದ ಉತ್ತರವನ್ನು ನಮಗೆ ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುವೆವು.